ದೋಸೆಯ ಮನೆ, ಸಾಹಿತಿಗಳ ಗೋಡೆ

ಹೋಟೆಲು ಹೆಸರು ಮಾಡುವುದು ರುಚಿಯಿಂದ. ಆದರೆ ಅದು ಊರಿನ ನೆನಪಾಗಿ ಉಳಿಯಬೇಕಾದರೆ ರುಚಿಯೊಂದೇ ಸಾಲದು. ಬೆಂಗಳೂರಿನ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನವೇ ಇದಕ್ಕೆ ಸಾಕ್ಷಿ.

1898ರ ಪ್ಲೇಗ್ ಮಾರಿಯ ಬಳಿಕ, ಹಳೆಯ ಪೇಟೆಯ ಇಕ್ಕಟ್ಟು ತಪ್ಪಿಸಲೆಂದು ಬೆಳೆದ ಬಡಾವಣೆ ಬಸವನಗುಡಿ. ಕಾಲಕ್ರಮದಲ್ಲಿ ಅಲ್ಲಿ ಶಾಲೆಗಳು ಬಂದವು, ಓದುವ ಹುಡುಗರು ಬಂದರು. ಅವರ ಹಸಿವಿಗೆಂದು ಕರಾವಳಿಯ ವೆಂಕಟರಮಣ ಉರಾಳ ಮತ್ತು ಪರಮೇಶ್ವರ ಉರಾಳ ಸೋದರರು 1943ರಲ್ಲಿ ಈ ತಿಂಡಿ ಮನೆ ತೆರೆದರು. ಹೆಸರು ಬಂದದ್ದೂ ಹಾಗೆಯೇ. 1970ರಲ್ಲಿ ಅದು ರಾಮಕೃಷ್ಣ ಅಡಿಗರ ಕೈಗೆ ಬಂತು.

ಒಳಗೆ ಆಡಂಬರವಿಲ್ಲ. ಸಣ್ಣ ಹಜಾರ, ಒತ್ತೊತ್ತಾಗಿ ಇಟ್ಟ ಮೇಜುಗಳು. ಪಂಚೆಯುಟ್ಟ ಮಾಣಿಗಳು ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗಿನ ಮಸಾಲೆ ದೋಸೆ. ಜೊತೆಗೆ ನೀರಾದ ಚಟ್ನಿ. ಜಾಗ ಕಡಿಮೆಯಾದ್ದರಿಂದ ಅಪರಿಚಿತರೂ ಒಂದೇ ಮೇಜಿಗೆ ಕೂರಬೇಕು. ಮಾತು ತಾನಾಗಿ ಹುಟ್ಟುತ್ತದೆ.

ತಲೆಯೆತ್ತಿದರೆ ಗೋಡೆಯ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳು. ಅವು ದೂರದವರ ಮುಖಗಳಲ್ಲ. ಮಾಸ್ತಿಯವರ ಮನೆ ಗವಿಪುರದಲ್ಲಿತ್ತು, ಡಿ.ವಿ.ಜಿ.ಯವರದು ನಾಗಸಂದ್ರ ರಸ್ತೆಯಲ್ಲಿ. ಎರಡೂ ಕೂಗಳತೆಯ ಜಾಗಗಳೇ.

ಇಂದು ಹೊಸ ಹೋಟೆಲುಗಳು ಹಳೆಯ ಕಾಲದ ಕಳೆ ತರಲು ಹಿತ್ತಾಳೆ ಪಾತ್ರೆ, ಮಾಸಿದ ಪಟಗಳನ್ನು ಕೊಂಡು ತರುತ್ತವೆ. ವಿದ್ಯಾರ್ಥಿ ಭವನದ ಗೋಡೆಗೆ ಆ ಕಳೆ ಬಂದದ್ದು ಬಡಾವಣೆಯ ಬದುಕಿನಿಂದ. ಕಾವಲಿ, ಮೇಜು, ಚಿತ್ರ ಮೂರೂ ಒಂದೇ ಊರಿನ ಮಾತಾಡಿದಾಗ ತಿಂದವನು ರುಚಿಯ ಜೊತೆ ಊರನ್ನೂ ನೆನೆಯುತ್ತಾನೆ.