ಕರಾವಳಿಗೆ ಬಣ್ಣದ ಟೀವಿ ಬಂದ ದಾರಿ

ಹಳೆಯದನ್ನು ಕಾಪಿಡುವ ಗುಣ ಕರಾವಳಿಯ ಜನರಿಗೆ ಹೊಸದಲ್ಲ. ಬಿದ್ದುಹೋಗಲಿದ್ದ ಮರದ ಮನೆಗಳನ್ನು ಬಿಚ್ಚಿ ತಂದು, ಮತ್ತೆ ಜೋಡಿಸಿ ನಿಲ್ಲಿಸಿದ ವಿಜಯನಾಥ ಶೆಣೈ ಅವರ ಸಾಹಸವನ್ನು ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ನೋಡಬಹುದು. ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಸಂಗ್ರಹದಲ್ಲಿ ತಾಳೆಗರಿ ಗ್ರಂಥಗಳಿಂದ ಹಿಡಿದು ಕ್ಯಾಮರಾ, ಹಳೆಯ ಕಾರುಗಳವರೆಗೆ ಸ್ಥಾನ ದೊರೆತಿದೆ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಸುತ್ತಿನ ಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಒಂದು ವಸ್ತುವಿಗೆ ಮಾತ್ರ ಇನ್ನೂ ಈ ಮರ್ಯಾದೆ ಸಿಕ್ಕಿಲ್ಲ. ಅದು 1980ರ ದಶಕದ ಬಣ್ಣದ ಟೀವಿ. ಒಂದು ಕಾಲಕ್ಕೆ ಊರಿಗೂರೇ ನೋಡಲು ಬರುತ್ತಿದ್ದ ಆ ಪೆಟ್ಟಿಗೆಗೆ ಈಗ ಗುಜರಿಯವನು ತಕ್ಕಡಿಯಲ್ಲಿ ಬೆಲೆ ಕಟ್ಟುತ್ತಾನೆ.

ಹೊರದೇಶಗಳಲ್ಲಿ ಹಳೆಯ ಬಣ್ಣದ ಟೀವಿಗಳನ್ನು ಹುಡುಕಿ, ದುರಸ್ತಿ ಮಾಡಿ, ಚಾಲೂ ಸ್ಥಿತಿಯಲ್ಲಿಟ್ಟು ನೋಡಿ ಸಂತೋಷಪಡುವ ಹವ್ಯಾಸ ಸಾಕಷ್ಟು ಬೆಳೆದಿದೆ. ಅಮೆರಿಕದ ಓಹಾಯೋ ರಾಜ್ಯದ ಹಿಲಿಯರ್ಡ್‌ನಲ್ಲಿ ಆರಂಭಕಾಲದ ಟೀವಿಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. 1954ರಲ್ಲಿ ಆರ್‌ಸಿಎ ಕಂಪನಿ ಸಾವಿರ ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಿಟ್ಟ ‘ಸಿಟಿ-100’ ಎಂಬ ಬಣ್ಣದ ಟೀವಿ ಈ ಹವ್ಯಾಸಿಗಳ ಪಾಲಿಗೆ ಬಂಗಾರವಿದ್ದಂತೆ. ಭಾರತದಲ್ಲಿ ಅಷ್ಟು ಹಳೆಯ ಪೆಟ್ಟಿಗೆಗಳಿಲ್ಲ. ಇಲ್ಲಿ ಬಣ್ಣದ ಪ್ರಸಾರ ಶುರುವಾದದ್ದೇ 1982ರಲ್ಲಿ. ಆದರೆ ಕರಾವಳಿಯ ಹಳೆಯ ಟೀವಿಗಳಿಗೆ ಬೇರೆಲ್ಲೂ ಸುಲಭವಾಗಿ ಸಿಗದ ಒಂದು ಕತೆಯಿದೆ. ಇಲ್ಲಿನ ಕೆಲವರು ದೆಹಲಿಗಿಂತ ಮೊದಲೇ ಬಣ್ಣದ ಟೀವಿಯನ್ನು ಕಂಡಿದ್ದರು.

ಮಸ್ಕತ್ ಮೊದಲು, ದೆಹಲಿ ಆಮೇಲೆ

ಭಾರತದಲ್ಲಿ ಟೀವಿ ಪ್ರಸಾರದ ಪ್ರಯೋಗ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ನಡೆಯಿತು. ಮುಂಬೈಗೆ ಟೀವಿ ಬಂದದ್ದು 1972ರಲ್ಲಿ. ಕರ್ನಾಟಕದ ಹಳ್ಳಿಗಳು ಟೀವಿಯನ್ನು ಮೊದಲು ಕಂಡದ್ದು 1975-76ರ ಉಪಗ್ರಹ ಪ್ರಯೋಗದಲ್ಲಿ. ಆಗ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಸಮುದಾಯ ಟೀವಿಗಳನ್ನು ಇರಿಸಲಾಗಿತ್ತು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಇವೆಲ್ಲವೂ ಕಪ್ಪು-ಬಿಳುಪಿನ ಕಾಲದ ಘಟನೆಗಳು. ಕುಂದಾಪುರದ ಕಡೆಗೆ ಇವುಗಳ ಅಲೆ ತಲುಪುವಂತೆಯೇ ಇರಲಿಲ್ಲ.

ಆದರೆ ಈ ಕಡೆಯ ಜನ ಟೀವಿಯನ್ನು ಊರಲ್ಲಿ ಕಾಯುತ್ತ ಕುಳಿತಿರಲಿಲ್ಲ. ಮುಂಬೈಯ ಹೋಟೆಲುಗಳಲ್ಲಿ ದುಡಿಯುತ್ತಿದ್ದವರು 1970ರ ದಶಕದಲ್ಲೇ ಅದನ್ನು ಕಂಡಿದ್ದರು. 1973ರ ತೈಲ ಬೆಲೆಯೇರಿಕೆಯ ನಂತರ ಶಿರೂರು, ಗಂಗೊಳ್ಳಿ, ಬ್ರಹ್ಮಾವರ, ಬಾರ್ಕೂರು ಕಡೆಗಳಿಂದ ಅರಬ್ ನಾಡುಗಳಿಗೆ ಹೋದವರ ಸಂಖ್ಯೆ ಏರುತ್ತ ಹೋಯಿತು. ಅಲ್ಲಿ ಅವರ ಮುಂದೆ ಇದ್ದದ್ದು ಬಣ್ಣದ ಟೀವಿ. ಒಮಾನಿನ ರಾಜಧಾನಿ ಮಸ್ಕತ್‌ನಲ್ಲಿ 1974ರಲ್ಲಿ ಟೀವಿ ಆರಂಭವಾದದ್ದೇ ಬಣ್ಣದಲ್ಲಿ. ಭಾರತದಲ್ಲಿ ಬಣ್ಣ ಬರಲು ಅಲ್ಲಿಂದ ಇನ್ನೂ ಎಂಟು ವರ್ಷ ಬೇಕಾಯಿತು.

1982ರಲ್ಲಿ ದೆಹಲಿಯ ಏಷ್ಯಾಡ್ ಕ್ರೀಡಾಕೂಟವನ್ನು ನೆಪವಾಗಿಟ್ಟುಕೊಂಡು ಬಣ್ಣದ ಪ್ರಸಾರ ಆರಂಭವಾಯಿತು. ಆ ವರ್ಷದ ಆಗಸ್ಟ್ 15ರ ಕೆಂಪುಕೋಟೆಯ ಸಮಾರಂಭ ಬಣ್ಣದಲ್ಲಿ ದೇಶಕ್ಕೆ ಕಂಡಿತು. ಸರಕಾರ ಟೀವಿಗಳ ಮತ್ತು ಬಿಡಿಭಾಗಗಳ ಆಮದನ್ನು ಸಡಿಲಿಸಿತು. ಆದರೂ ದೇಶದಲ್ಲಿ ಜೋಡಿಸಿದ ಬಣ್ಣದ ಟೀವಿಯ ಬೆಲೆ ಒಬ್ಬ ಶಾಲಾ ಮಾಸ್ತರರ ಹಲವು ತಿಂಗಳ ಸಂಬಳಕ್ಕೆ ಸಮನಾಗಿತ್ತು. ಹೀಗಾಗಿ ಕರಾವಳಿಯ ಅನೇಕ ಊರುಗಳಿಗೆ ಬಣ್ಣದ ಟೀವಿ ಅಂಗಡಿಯಿಂದಲ್ಲ, ಪ್ರಯಾಣಿಕರ ಸಾಮಾನಿನ ಜೊತೆ ಬಂತು. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಆಗ ನೇರ ವಿಮಾನವಿರಲಿಲ್ಲ. ಮುಂಬೈಯಲ್ಲಿ ಇಳಿದು, ಕಸ್ಟಮ್ಸ್‌ನವರಿಗೆ ಸುಂಕ ಕಟ್ಟಿ, ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ರಾತ್ರಿ ಬಸ್ಸಿನಲ್ಲಿ ಊರಿಗೆ ತರಬೇಕಿತ್ತು. ಕೊಂಕಣ ರೈಲು ಪೂರ್ಣವಾಗಿ ಓಡಿದ್ದು 1998ರಲ್ಲಿ.

ಹೊಂದಿಕೆಯಾದ ಲೆಕ್ಕ

ಹೊರದೇಶದ ಟೀವಿ ಇಲ್ಲಿ ನಡೆಯುತ್ತದೆಯೇ ಎಂಬುದು ಅಂದಿನ ದೊಡ್ಡ ಪ್ರಶ್ನೆ. ಇದಕ್ಕೆ ಉತ್ತರ ತಂತ್ರಜ್ಞಾನದ ಇತಿಹಾಸದಲ್ಲಿದೆ. ಜಗತ್ತಿನಲ್ಲಿ ಬಣ್ಣದ ಪ್ರಸಾರಕ್ಕೆ ಮೂರು ಪದ್ಧತಿಗಳಿದ್ದವು: ಅಮೆರಿಕದ ಎನ್‌ಟಿಎಸ್‌ಸಿ, ಫ್ರಾನ್ಸಿನ ಸೆಕಾಂ, ಜರ್ಮನಿಯ ಪಾಲ್. ಪಾಲ್ ಪದ್ಧತಿಯನ್ನು ರೂಪಿಸಿದವರು ಟೆಲಿಫುಂಕೆನ್ ಕಂಪನಿಯ ಎಂಜಿನಿಯರ್ ವಾಲ್ಟರ್ ಬ್ರೂಖ್. ಪಶ್ಚಿಮ ಜರ್ಮನಿಯಲ್ಲಿ 1967ರಲ್ಲಿ ಅದು ಜಾರಿಗೆ ಬಂತು. ಒಮಾನ್, ಕುವೈತ್, ದುಬೈಗಳೂ ಪಾಲ್ ಪದ್ಧತಿಯನ್ನೇ ಆರಿಸಿಕೊಂಡವು. ಭಾರತವೂ ಅದನ್ನೇ ಹಿಡಿಯಿತು. ವಿದ್ಯುತ್ತೂ ಸುಮಾರಾಗಿ ಇಲ್ಲಿನಷ್ಟೇ ವೋಲ್ಟೇಜಿನದು. ಆದ್ದರಿಂದ ಮಸ್ಕತ್‌ನಲ್ಲಿ ಕೊಂಡ ಪೆಟ್ಟಿಗೆ ಗಂಗೊಳ್ಳಿಯಲ್ಲೂ ಚಿತ್ರ, ಧ್ವನಿ ಎರಡನ್ನೂ ಕೊಟ್ಟಿತು. ಸೌದಿ ಅರೇಬಿಯಾ ಆಗ ಸೆಕಾಂ ಬಳಸುತ್ತಿತ್ತು. ಅಲ್ಲಿಂದ ಬಂದವರು ಹಲವು ಪದ್ಧತಿಗಳಿಗೆ ಒಗ್ಗುವ ಟೀವಿಯನ್ನೇ ನೋಡಿ ತರಬೇಕಿತ್ತು. ಇಂಗ್ಲೆಂಡಿನದೂ ಪಾಲ್ ಪದ್ಧತಿಯೇ ಆದರೂ ಅದರ ಧ್ವನಿಯ ಲೆಕ್ಕ ಬೇರೆ, ತರಂಗಾಂತರದ ಪಟ್ಟಿಯೂ ಬೇರೆ. ಅಲ್ಲಿನ ಟೀವಿ ಇಲ್ಲಿ ಹಾಗೆಯೇ ನಡೆಯುತ್ತಿರಲಿಲ್ಲ. ಇಂದು ಹಳೆಯ ಟೀವಿಯನ್ನು ಕೊಳ್ಳುವವರು ಹಿಂಬದಿಯ ಚೀಟಿಯನ್ನು ಮೊದಲು ಓದಬೇಕಾದದ್ದು ಈ ಕಾರಣಕ್ಕೆ.

ಬ್ರೂಖ್ ಅವರ ಪದ್ಧತಿ ಈ ಸೀಮೆಗೆ ಇನ್ನೊಂದು ಬಗೆಯಲ್ಲೂ ಒಪ್ಪಿತು. ಗುಡ್ಡಗಾಡಿನಲ್ಲಿ ಅಲೆಗಳು ಬೆಟ್ಟಕ್ಕೆ ಬಡಿದು ತಿರುಗಿ ಬರುವುದರಿಂದ ಅಮೆರಿಕದ ಪದ್ಧತಿಯಲ್ಲಿ ಬಣ್ಣ ಕೆಡುತ್ತಿತ್ತು. ಮನುಷ್ಯನ ಮುಖ ಹಸಿರಾಗುವುದೂ ಉಂಟು. ಪಾಲ್ ಪದ್ಧತಿಯಲ್ಲಿ ಒಂದು ಗೆರೆ ಬಿಟ್ಟು ಒಂದು ಗೆರೆಗೆ ಬಣ್ಣದ ಸಂಕೇತದ ಒಂದು ಭಾಗವನ್ನು ತಿರುವುಮುರುವು ಮಾಡಿ ಕಳಿಸುತ್ತಾರೆ. ಹೀಗಾಗಿ ಒಂದು ಗೆರೆಯ ದೋಷವನ್ನು ಮುಂದಿನ ಗೆರೆಯ ದೋಷ ಸರಿದೂಗಿಸುತ್ತದೆ. ಕೊಡಚಾದ್ರಿಯ ಬುಡದ ಕೊಲ್ಲೂರಿನಂಥ ಊರುಗಳಲ್ಲಿ ಒಂದರ ಪಕ್ಕ ಇನ್ನೊಂದು ನೆರಳುಚಿತ್ರ ಕಾಣುವುದು ತಪ್ಪದಿದ್ದರೂ, ಬಣ್ಣವಾದರೂ ಬಣ್ಣವಾಗಿಯೇ ಉಳಿಯಲು ಇದು ನೆರವಾಯಿತು.

ಬ್ರಹ್ಮಾವರದ ರೇಡಿಯೋ, ಮಂಗಳೂರಿನ ಟೀವಿ

ಟೀವಿ ಬಂತೆಂದರೆ ಚಿತ್ರ ಬಂತೆಂದಲ್ಲ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಪ್ರಸಾರ ಸ್ತಂಭವನ್ನು ನೆಲೆಗೊಳಿಸಿದ್ದು ಬ್ರಹ್ಮಾವರದಲ್ಲಿ. ಮಧ್ಯಮ ತರಂಗದ ರೇಡಿಯೋ ಅಲೆ ನೆಲವನ್ನು ಅಪ್ಪಿಕೊಂಡು ಸಾಗುತ್ತದೆ; ಬೈಂದೂರಿನ ಆಚೆಗೂ ಹೋಗಬಲ್ಲದು. ಟೀವಿಯ ಅಲೆ ಹಾಗಲ್ಲ. ಅದು ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ, ಗುಡ್ಡ ಎದುರಾದರೆ ನಿಲ್ಲುತ್ತದೆ. 1984ರಲ್ಲಿ ದೂರದರ್ಶನ ದಿನಕ್ಕೊಂದರಂತೆ ಮರುಪ್ರಸಾರ ಕೇಂದ್ರಗಳನ್ನು ತೆರೆಯಿತು. ಇವುಗಳಲ್ಲಿ ಹೆಚ್ಚಿನವು ನೂರು ವಾಟಿನ ಸಣ್ಣ ಕೇಂದ್ರಗಳು; ಅವುಗಳ ಹರವು ಸುಮಾರು 25 ಕಿಲೋಮೀಟರ್. ಮಂಗಳೂರಿನಿಂದ ಕುಂದಾಪುರಕ್ಕೆ 90 ಕಿಲೋಮೀಟರಿನಷ್ಟು ದೂರ, ಬೈಂದೂರು ಇನ್ನೂ ಆಚೆ. ಮಂಗಳೂರು ಪೇಟೆಯಲ್ಲಿ ಸಿಗುವ ಚಿತ್ರ ಇಲ್ಲಿ ಸಿಗುವುದು ಸುಲಭದ ಮಾತಾಗಿರಲಿಲ್ಲ.

ಹೀಗಾಗಿ ಆ ಕಾಲದ ಹಲವು ಬಣ್ಣದ ಟೀವಿಗಳು ಮೊದಲು ತೋರಿಸಿದ್ದು ದೂರದರ್ಶನವನ್ನಲ್ಲ, ವಿಡಿಯೋ ಕ್ಯಾಸೆಟ್ಟುಗಳನ್ನು. ಟೀವಿಯ ಜೊತೆ ವಿಸಿಆರ್ ಕೂಡ ಬರುತ್ತಿತ್ತು. ದೂರದರ್ಶನ ಬೇಕೆಂದವರು ಉದ್ದನೆಯ ಕಬ್ಬಿಣದ ಪೈಪು ನೆಟ್ಟು ಆಂಟೆನಾ ಕಟ್ಟಿದರು, ಬೂಸ್ಟರ್ ಹಾಕಿದರು. ಮಾಡಿನ ಮೇಲೆ ಒಬ್ಬ ಆಂಟೆನಾ ತಿರುಗಿಸುವುದು, ಅಂಗಳದಲ್ಲಿ ಒಬ್ಬ, ಒಳಗೆ ಟೀವಿಯ ಮುಂದೆ ಇನ್ನೊಬ್ಬ ನಿಂತು ‘ಈಗ ಹ್ಯಾಂಗಿತ್ತ್?’ ಎಂಬ ಕೂಗನ್ನು ದಾಟಿಸುವುದು ಆ ದಿನಗಳ ಮನೆಮನೆಯ ಕೆಲಸ. ಮಳೆಗಾಲದ ಒಂದು ಗಾಳಿ ಸಾಕು, ಪುನಃ ಮೊದಲಿನಿಂದ ಶುರು.

ಚಿತ್ರ ಸಿಕ್ಕಿದಾಗಲೂ ಮಾತು ಬಹುಪಾಲು ಹಿಂದಿ. ಸಣ್ಣ ಕೇಂದ್ರಗಳು ಉಪಗ್ರಹದಿಂದ ದೆಹಲಿಯ ಕಾರ್ಯಕ್ರಮಗಳನ್ನು ಹಿಡಿದು ಬಿಡುತ್ತಿದ್ದವು. 1987ರ ಜನವರಿಯಿಂದ ಭಾನುವಾರದ ಬೆಳಿಗ್ಗೆ ‘ರಾಮಾಯಣ’, 1988ರ ಅಕ್ಟೋಬರಿನಿಂದ ‘ಮಹಾಭಾರತ’. ಟೀವಿಯಿದ್ದ ಮನೆಯ ಜಗಲಿಯಲ್ಲಿ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಯಕ್ಷಗಾನದ ಪ್ರಸಂಗಗಳನ್ನು ರಾತ್ರಿಯಿಡೀ ಕೂತು ನೋಡಿ ಬೆಳೆದವರಿಗೆ ಕತೆ ತಿಳಿಯಲು ಹಿಂದಿ ಬರಬೇಕೆಂದೇನೂ ಇರಲಿಲ್ಲ. ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದದ್ದು ಘಟ್ಟದ ಮೇಲಿನ ಆಗುಂಬೆಯಲ್ಲಿ. ತಮ್ಮ ಘಟ್ಟದ ಹಸಿರನ್ನು ದೆಹಲಿಯ ಮೂಲಕ ನೋಡುವ ವಿಚಿತ್ರ ಭಾಗ್ಯ ಬಣ್ಣದ ಟೀವಿಯುಳ್ಳವರದಾಯಿತು; ಕಪ್ಪು-ಬಿಳುಪಿನ ಟೀವಿಯಲ್ಲಿ ಅದೇ ಆಗುಂಬೆ ಬೂದಿ ಬಣ್ಣದ್ದು.

ಪೆಟ್ಟಿಗೆಗಳ ಪೈಕಿ

ಆ ಕಾಲದ ಟೀವಿಗಳನ್ನು ಎರಡು ಸಾಲಾಗಿ ನೋಡಬಹುದು. ಒಂದು, ಹೊರಗಿನಿಂದ ಬಂದ ಸೋನಿ, ನ್ಯಾಷನಲ್, ಜೆವಿಸಿ, ಹಿಟಾಚಿ. ಇವುಗಳಲ್ಲಿ ಸೋನಿಯ ಟ್ರಿನಿಟ್ರಾನ್‌ಗೆ ಹವ್ಯಾಸಿಗಳ ನಡುವೆ ವಿಶೇಷ ಬೆಲೆ. ಸಾಮಾನ್ಯ ಬಣ್ಣದ ಕೊಳವೆಯಲ್ಲಿ ಸಣ್ಣ ತೂತುಗಳ ಲೋಹದ ತಗಡೊಂದು ಪರದೆಯ ಹಿಂದಿರುತ್ತದೆ. ಮೂರು ಎಲೆಕ್ಟ್ರಾನ್ ಕಿರಣಗಳು ಅದರ ಮೂಲಕ ಹಾದು ಕೆಂಪು, ಹಸಿರು, ನೀಲಿ ಚುಕ್ಕೆಗಳನ್ನು ಬೆಳಗಿಸುತ್ತವೆ. 1968ರಲ್ಲಿ ಬಂದ ಟ್ರಿನಿಟ್ರಾನ್‌ನಲ್ಲಿ ತೂತಿನ ಬದಲು ಉದ್ದುದ್ದ ಸೀಳುಗಳು; ಹೆಚ್ಚು ಕಿರಣ ಪರದೆಗೆ ತಲುಪುವುದರಿಂದ ಚಿತ್ರ ಹೆಚ್ಚು ಉಜ್ವಲ. ಪರದೆಗೆ ಸಿಡಿದ ಒಂದು ನೀರಿನ ಹನಿಯೊಳಗೆ ಈ ಮೂರು ಬಣ್ಣಗಳನ್ನು ಕಂಡು ಬೆರಗಾಗದ ಮಕ್ಕಳು ಅಂದು ಕಡಿಮೆ.

ಇನ್ನೊಂದು ಸಾಲು ದೇಶದ್ದು. ಪಾಲಕ್ಕಾಡಿನಲ್ಲಿ 1963ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಬಿಪಿಎಲ್, ಸೆಡ್ಡು ಹೊಡೆಯುವ ಕೊಂಬಿನ ದೆವ್ವವನ್ನು ಜಾಹೀರಾತಿಗೆ ತಂದ ಒನಿಡಾ, ಹೈದರಾಬಾದಿನ ಸರಕಾರಿ ಕಂಪನಿಯ ಇಸಿ ಟೀವಿ, ಕೇರಳದ ಕೆಲ್ಟ್ರಾನ್, ಮದ್ರಾಸಿನ ಡಯನೋರಾ ಮತ್ತು ಸಾಲಿಡೇರ್. ಇವುಗಳಲ್ಲಿ ಮರದ ಕವಚದವು, ಎಳೆದು ಮುಚ್ಚುವ ಬಾಗಿಲಿನವು, ಬೀಗ ಹಾಕುವಂಥವೂ ಇದ್ದವು. ಟೀವಿ ಎಂಬುದು ಬೀರುವಿನಂತೆ ಮನೆಯ ಸಾಮಾನು ಎಂಬ ಭಾವನೆಯ ಗುರುತು ಅದು. ಸಂಗ್ರಹಕಾರರಿಗೆ ಹೊರಗಿನ ಟ್ರಿನಿಟ್ರಾನ್ ಎಲ್ಲಿ ಬೇಕಾದರೂ ಸಿಕ್ಕೀತು. ಬಾಗಿಲಿರುವ ದೇಶಿ ಪೆಟ್ಟಿಗೆ ಇನ್ನೆಲ್ಲೂ ಸಿಗದು. ಹೀಗಿದ್ದರೂ ಮೊದಲು ಗುಜರಿಗೆ ಹೋಗುವುದು ಅದೇ.

ಉಪ್ಪು, ಕೊಳವೆ, ಅಲೆ

ಕರಾವಳಿಯಲ್ಲಿ ಹಳೆಯ ಟೀವಿಯನ್ನು ಉಳಿಸುವುದಕ್ಕೆ ಮೂರು ತೊಡಕುಗಳಿವೆ. ಮೊದಲನೆಯದು ಹವೆ. ಸಮುದ್ರದ ಉಪ್ಪುಗಾಳಿ ತಾಮ್ರದ ಗೆರೆಗಳನ್ನು, ಬೆಸುಗೆಯನ್ನು ತಿನ್ನುತ್ತದೆ. ನಾಲ್ಕು ತಿಂಗಳ ಮಳೆಯ ತೇವ ಒಳಗೆ ಸೇರಿದರೆ ಹೆಚ್ಚು ವೋಲ್ಟೇಜಿನ ಭಾಗದಲ್ಲಿ ಕಿಡಿ ಹಾರುತ್ತದೆ. ಟೀವಿಯನ್ನು ಮುಚ್ಚಿಟ್ಟು ಮರೆಯುವುದಕ್ಕಿಂತ ಆಗಾಗ ಚಾಲೂ ಮಾಡಿ ಅದರ ಬಿಸಿಯಿಂದಲೇ ಒಳಗನ್ನು ಒಣಗಿಸುವುದು ಮೇಲು. ವರ್ಷಗಟ್ಟಲೆ ಅಟ್ಟದಲ್ಲಿದ್ದುದನ್ನು ಮಾತ್ರ ಒಮ್ಮೆಲೇ ಪ್ಲಗ್ಗಿಗೆ ಚುಚ್ಚಬಾರದು. ಒಣಗಿದ ಕೆಪಾಸಿಟರುಗಳನ್ನು ತಿಳಿದವರಿಂದ ಪರೀಕ್ಷಿಸಿ ಬದಲಾಯಿಸಿದ ಮೇಲೆಯೇ ಕರೆಂಟು ಕೊಡಬೇಕು. ಬಣ್ಣದ ಕೊಳವೆಗೆ 20,000 ವೋಲ್ಟಿಗೂ ಹೆಚ್ಚು ಬೇಕು. ಸ್ವಿಚ್ ತೆಗೆದ ಮೇಲೂ ಅದರ ಅಂಶ ಕೊಳವೆಯಲ್ಲಿ ಉಳಿದಿರುತ್ತದೆ. ಹಿಂಬದಿಯ ಮುಚ್ಚಳ ತೆಗೆಯುವ ಕೆಲಸ ಆಟವಲ್ಲ.

ಎರಡನೆಯದು ಚಿತ್ರದ ಕೊಳವೆ. ಬೇರೆ ಯಾವ ಭಾಗಕ್ಕಾದರೂ ಬದಲಿ ಹುಡುಕಬಹುದು, ಕೊಳವೆ ಸತ್ತರೆ ಟೀವಿ ಸತ್ತಂತೆ. ದೇಶದಲ್ಲಿ ಬಣ್ಣದ ಕೊಳವೆಗಳ ತಯಾರಿಕೆ 2010ರ ದಶಕದಲ್ಲಿ ನಿಂತುಹೋಯಿತು. ಕೊಳವೆಯ ಗಾಜಿನಲ್ಲಿ ಸೀಸವಿದೆ. ತಾಮ್ರದ ಸುರುಳಿಯ ಆಸೆಗೆ ಒಡೆದು ಗಾಜನ್ನು ತೋಡಿನ ದಂಡೆಗೆ ಎಸೆದರೆ ಅದು ನೀರಿಗೂ ಕೆಡುಕು. ಹಾಗಾಗಿ ಕೆಟ್ಟ ಟೀವಿಯಲ್ಲಿ ಒಳ್ಳೆಯ ಕೊಳವೆಯಿದ್ದರೆ ಅದನ್ನು ಒಡೆಯಬಾರದು. ಇನ್ನೊಂದು ಟೀವಿಗೆ ಅದು ಜೀವ ಕೊಡಬಹುದು.

ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಟೀವಿ ಸರಿಯಿದ್ದರೂ ಅದಕ್ಕೆ ಈಗ ಅಲೆಯಿಲ್ಲ. ಪ್ರಸಾರ ಭಾರತಿ ಗಡಿಯಂಥ ಕೆಲವು ಆಯಕಟ್ಟಿನ ಸ್ಥಳಗಳನ್ನು ಬಿಟ್ಟು ಉಳಿದೆಡೆ ಹಳೆಯ ಬಗೆಯ ಟೀವಿ ಪ್ರಸಾರವನ್ನು 2022ರ ಹೊತ್ತಿಗೆ ನಿಲ್ಲಿಸಿತು. ಮಾಡಿನ ಮೇಲೆ ಉಳಿದಿರುವ ಆಂಟೆನಾ ಕಾಗೆ ಕೂರುವುದಕ್ಕಷ್ಟೇ. ಆಂಟೆನಾದ ತೂತು ಬಿಟ್ಟರೆ ಬೇರೆ ದಾರಿಯಿಲ್ಲದ ಹಳೆಯ ಟೀವಿಗೆ ಇಂದಿನ ಡಿಶ್ ಪೆಟ್ಟಿಗೆಯ ಚಿತ್ರ ಕಾಣಿಸಬೇಕಾದರೆ ನಡುವೆ ಮಾಡ್ಯುಲೇಟರ್ ಎಂಬ ಸಲಕರಣೆ ಬೇಕು. ಅದಿಲ್ಲದಿದ್ದರೆ ಹಳೆಯ ವಿಸಿಆರ್ ಅದೇ ಕೆಲಸ ಮಾಡುತ್ತದೆ. ಡಿಶ್ ಪೆಟ್ಟಿಗೆಯ ತಂತಿಯನ್ನು ವಿಸಿಆರ್‌ಗೆ, ವಿಸಿಆರ್‌ನ ತಂತಿಯನ್ನು ಟೀವಿಯ ಆಂಟೆನಾ ತೂತಿಗೆ ಕೊಟ್ಟು, ಅದು ಬಿಡುವ ಚಾನೆಲನ್ನು ಟೀವಿಯಲ್ಲಿ ಹಿಡಿದರೆ ಸಾಕು. ನಲವತ್ತು ವರ್ಷ ಹಿಂದೆ ಒಟ್ಟಿಗೆ ಬಸ್ಸಿನಲ್ಲಿ ಬಂದ ಜೋಡಿ ಪುನಃ ಒಟ್ಟಿಗೆ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡುವುದಕ್ಕೆ ಬೇಕಾದ ಜನವೂ ಕಡಿಮೆಯಾಗುತ್ತಿದ್ದಾರೆ. ಪೇಟೆಯ ರೇಡಿಯೋ-ಟೀವಿ ರಿಪೇರಿ ಅಂಗಡಿಗಳಲ್ಲಿ ಕೂತು, ಚಿತ್ರ ನೋಡಿಯೇ ರೋಗ ಹೇಳುತ್ತಿದ್ದ ಮೆಕ್ಯಾನಿಕ್ಕುಗಳಿಗೆ ಈಗ ವಯಸ್ಸಾಗಿದೆ. ಹಲವರು ಮೊಬೈಲ್ ರಿಪೇರಿಗೆ ತಿರುಗಿದ್ದಾರೆ. ಮ್ಯೂಸಿಯಮ್ಮಿನ ಗಾಜಿನೊಳಗೆ ಒಂದು ಪೆಟ್ಟಿಗೆಯನ್ನು ಇಡುವುದು ಸುಲಭ. ಅದರಲ್ಲಿ ಚಿತ್ರ ಬರಿಸುವ ಕೈಗಳು ಒಮ್ಮೆ ಹೋದರೆ ಅವನ್ನು ಹಣ ಕೊಟ್ಟು ತರುವಂತಿಲ್ಲ.

ಮಣಿಪಾಲದಲ್ಲಿ ಮರುಹುಟ್ಟು ಪಡೆದ ಮನೆಗಳೂ ಒಂದು ಕಾಲಕ್ಕೆ ಬರಿಯ ಹಳೆಯ ಮರವೆಂದೇ ಎಣಿಸಲ್ಪಟ್ಟವು. ಬಣ್ಣದ ಟೀವಿ ಅಷ್ಟು ಪುರಾತನವಲ್ಲ, ಅಷ್ಟು ಚೆಲುವೂ ಅಲ್ಲ. ಆದರೆ ಹೊಟ್ಟೆಪಾಡಿಗೆ ಹೊರಟ ಒಂದು ತಲೆಮಾರು ಊರಿಗೆ ಹೊತ್ತು ತಂದ ದೊಡ್ಡ ಸಾಮಾನು ಅದು. ಅಟ್ಟದಲ್ಲಿ ಅಂಥದ್ದೊಂದು ಇರುವ ಮನೆಯವರು ಗುಜರಿಯವನಿಗೆ ಕೊಡುವ ಮುನ್ನ ಕಸ್ಟಮ್ಸ್ ರಸೀದಿ, ಅಂಗಡಿಯ ಬಿಲ್ಲು, ಅಂಚೆ ಕಚೇರಿಯಲ್ಲಿ ಮಾಡಿಸಿದ ಟೀವಿ ಪರವಾನಗಿಯ ಪುಸ್ತಕ ಇವುಗಳನ್ನು ಹುಡುಕಿ ಪೆಟ್ಟಿಗೆಯ ಜೊತೆಗೇ ಇಡುವುದೊಳ್ಳೆಯದು. ಯಾರು, ಯಾವ ಊರಿನಿಂದ, ಯಾವ ವರ್ಷ ತಂದದ್ದು ಎಂದು ಒಂದು ಚೀಟಿಯಲ್ಲಿ ಬರೆದು ಹಿಂಬದಿಗೆ ಅಂಟಿಸಿದರೆ ಇನ್ನೂ ಒಳ್ಳೆಯದು. ತಂದವರು ಹಲವು ಮನೆಗಳಲ್ಲಿ ಇನ್ನೂ ಇದ್ದಾರೆ, ಕೇಳಿದರೆ ಹೇಳುತ್ತಾರೆ.