ಕೊಳವೆಯೇ ಭೂತಂತಿಯಾದಾಗ

ಗೋಡೆಯೊಳಗಿನ ಉಕ್ಕಿನ ಕಾಂಡ್ಯೂಟ್ ಕೊಳವೆ ತಂತಿಗಳಿಗೆ ಬರಿಯ ಹೊದಿಕೆಯೆಂದು ಬಗೆಯುವವರೇ ಹೆಚ್ಚು. ಬ್ರಿಟನ್ನಿನಲ್ಲಿ ಬಹುಕಾಲ ಅರ್ಥಿಂಗ್ ವಾಹಕವೂ ಅದೇ ಆಗಿತ್ತು. (ಈ ಅರ್ಥಿಂಗಿಗೂ ನಮ್ಮ ‘ಅರ್ಥ’ಕ್ಕೂ ನಂಟಿಲ್ಲ!) ಅಲ್ಲಿ 1882ರಲ್ಲಿ ಹೊರಬಂದ ಮೊದಲ ವೈರಿಂಗ್ ನಿಯಮಗಳ ಶೀರ್ಷಿಕೆಯಲ್ಲಿದ್ದುದು ಬೆಂಕಿಯ ಅಪಾಯದ ತಡೆ.

ವಿದ್ಯಾರ್ಥಿಮಿತ್ರರೇ, ಓಮನ ನಿಯಮವನ್ನು ನೆನೆಯಿರಿ. ತಿರುಪು ಸಡಿಲಿಯೋ ತುಕ್ಕು ಹಿಡಿದೋ ಕೊಳವೆಯ ಒಂದು ಕೀಲಿನಲ್ಲಿ 20 ಓಮ್ ರೋಧವುಂಟಾಯಿತೆನ್ನೋಣ. 240 ವೋಲ್ಟಿನ ತಂತಿ ದೀಪದ ಲೋಹದ ಕವಚಕ್ಕೆ ತಾಗಿದರೆ ಹರಿಯುವುದು ಕೇವಲ 12 ಆಂಪಿಯರ್. 15 ಆಂಪಿಯರಿನ ಫ್ಯೂಸ್ ಕರಗದು. ಮುಟ್ಟಿದವನ ಪಾಲಿಗೆ ಆ ಕವಚವೇ ಮೃತ್ಯು.

ಬ್ಯಾಟರಿ ಗಂಟೆಯ ಪರೀಕ್ಷೆ ಇಲ್ಲಿ ಸಾಲದು. ಸೂಜಿಮೊನೆಯಷ್ಟು ಸ್ಪರ್ಶವಿದ್ದರೂ ಗಂಟೆ ಬಾರಿಸುತ್ತದೆ. ಭಾರಿ ಪ್ರವಾಹ ನುಗ್ಗಿದೊಡನೆ ಆ ಮೊನೆಯೇ ಸುಟ್ಟುಹೋಗಬಹುದು. ಆದ್ದರಿಂದಲೇ 1981ರ 15ನೆಯ ಆವೃತ್ತಿಯ ನಿಯಮಗಳು 50 ವೋಲ್ಟ್ ಮೀರದ ಪರ್ಯಾಯ ವಿದ್ಯುತ್ತಿನಿಂದ, ಮಂಡಲದ ಸಾಮರ್ಥ್ಯದ ಒಂದೂವರೆ ಪಟ್ಟು, ಗರಿಷ್ಠ 25 ಆಂಪಿಯರ್ ಹರಿಸಿ ನೋಡುವ ವಿಧಾನವನ್ನು ಹೇಳಿದವು. ಉಕ್ಕು ಕಾಂತೀಯ ಲೋಹ; ಏಕಮುಖ ಪ್ರವಾಹದಿಂದ ಅದರ ಪೂರ್ಣ ತಡೆ ತಿಳಿಯದು.

ನನ್ನ ಮಟ್ಟಿಗೆ, ಮೀಟರಿಗಿಂತ ಮೊದಲು ಕೀಲುಗಳನ್ನು ಕಣ್ಣಿಟ್ಟು ನೋಡಿ, ಸ್ಪ್ಯಾನರ್ ಹಿಡಿದು ಬಿಗಿಯುವುದೇ ಸರಿ.