ಎಂಟು ಸೆಕೆಂಡಿನ ಒಳಗೆ

ಪುಣೆಗೆ ಬಂದ ಹೊಸದರಲ್ಲಿ, ಯುಗಾದಿ ಕಾರ್ಯಕ್ರಮವೊಂದರಲ್ಲಿ ಹಿರಿಯರೊಬ್ಬರು ನನ್ನ ಕೆಲಸ ಏನೆಂದು ಕೇಳಿದರು. ಸಾಫ್ಟ್‌ವೇರ್ ಟೆಸ್ಟಿಂಗ್ ಅಂದೆ. "ಅಂದ್ರೆ ಕೋಡ್ ಬರೆಯೋದಿಲ್ಲ, ಬಟನ್ ಒತ್ತಿ ನೋಡೋದು ಅಷ್ಟೇ ಏನಮ್ಮಾ?" ಎಂದರು. ನಕ್ಕು ಸುಮ್ಮನಾದೆ. ಈಗಾಗಿದ್ದರೆ ಅವರನ್ನು ಕೂರಿಸಿ ಥೆರಾಕ್-25ರ ಕಥೆ ಹೇಳುತ್ತಿದ್ದೆ.

ನಮ್ಮ ಕೆಲಸಕ್ಕೆ ಬ್ಲ್ಯಾಕ್ ಬಾಕ್ಸ್ ಟೆಸ್ಟಿಂಗ್ ಎನ್ನುತ್ತಾರೆ. ಒಳಗಿನ ಕೋಡ್ ಗೊತ್ತಿರುವುದಿಲ್ಲ. ಏನು ಕೊಟ್ಟೆವು, ಏನು ಬರಬೇಕಿತ್ತು, ಏನು ಬಂತು, ಇಷ್ಟೇ ಲೆಕ್ಕ. 1979ರಲ್ಲಿ ಗ್ಲೆನ್‌ಫೋರ್ಡ್ ಮೈಯರ್ಸ್ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದರು. ಆದರೆ ನನ್ನ ಕಥೆಯ ಮಹಿಳೆ ಟೆಸ್ಟರ್ ಅಲ್ಲ. ಅಮೆರಿಕದ ಟೆಕ್ಸಾಸ್‌ನ ಟೈಲರ್ ಎಂಬ ಊರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಕಿರಣ ಯಂತ್ರ ನಡೆಸುತ್ತಿದ್ದ ಆಪರೇಟರ್.

ಯಂತ್ರ ಕೆನಡಾದ ಎಇಸಿಎಲ್ ತಯಾರಿಸಿದ ಥೆರಾಕ್-25. ಹಿಂದಿನ ಮಾದರಿಯಲ್ಲಿದ್ದ ಯಾಂತ್ರಿಕ ರಕ್ಷಣೆಗಳನ್ನು ಇದರಲ್ಲಿ ತೆಗೆದು, ಆ ಭಾರವನ್ನೂ ಸಾಫ್ಟ್‌ವೇರ್ ಮೇಲೆ ಹೊರಿಸಿದ್ದರು. 1986ರ ಮಾರ್ಚ್ 21ರಂದು ಈಕೆ ಎಲೆಕ್ಟ್ರಾನ್ ಚಿಕಿತ್ಸೆಗೆ 'ಇ' ಒತ್ತುವ ಬದಲು, ರೂಢಿಯಂತೆ ಎಕ್ಸ್‌ರೇಯ 'ಎಕ್ಸ್' ಒತ್ತಿದರು. ತಕ್ಷಣ ಗಮನಿಸಿ, ಮೇಲೆ ಹೋಗಿ ತಿದ್ದಿದರು. ಪರದೆಯಲ್ಲಿ ಎಲ್ಲ ಸರಿಯಾಗಿತ್ತು. ಕಿರಣ ಬಿಟ್ಟಾಗ 'ಮಾಲ್‌ಫಂಕ್ಷನ್ 54' ಎಂದು ಬಂತು. ಕೊಟ್ಟ ಪ್ರಮಾಣ ತೀರಾ ಕಡಿಮೆ ಎಂದೂ ತೋರಿಸಿತು. ಈಕೆ ಮುಂದುವರಿಸುವ ಕೀ ಒತ್ತಿದರು. 180 ರ‍್ಯಾಡ್ ಸಿಗಬೇಕಿದ್ದ ರೋಗಿಗೆ ಸಿಕ್ಕಿದ್ದು 16,500ರಿಂದ 25,000 ಎಂದು ಆಮೇಲೆ ಅಂದಾಜಾಯಿತು.

ಕಂಪನಿಯ ಇಂಜಿನಿಯರುಗಳು ಬಂದು ಪರೀಕ್ಷಿಸಿದರು. ತಪ್ಪು ಮರುಕಳಿಸಲೇ ಇಲ್ಲ. ಏಪ್ರಿಲ್ 7ಕ್ಕೆ ಯಂತ್ರ ಮತ್ತೆ ಶುರು. ಏಪ್ರಿಲ್ 11ಕ್ಕೆ ಅದೇ ಆಪರೇಟರ್, ಅದೇ ತಿದ್ದುಪಡಿ, ಅದೇ 54. ಆ ವರ್ಷವೇ ಇಬ್ಬರೂ ರೋಗಿಗಳು ತೀರಿಕೊಂಡರು.

ಆ ಹೆಣ್ಣುಮಗಳ ಮನಸ್ಸು ಹೇಗಿದ್ದಿರಬೇಕು! ಆದರೂ ತಾನು ಯಾವ ಕೀ ಯಾವಾಗ ಒತ್ತಿದೆ ಎಂಬುದು ಆಕೆಗೆ ಚೆನ್ನಾಗಿ ನೆನಪಿತ್ತು. ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಯಂತ್ರ ನಿಲ್ಲಿಸಿ, ಆಕೆಯ ಜೊತೆ ಕೂತು ಮತ್ತೆ ಮತ್ತೆ ಟೈಪ್ ಮಾಡಿದರು. ಇಬ್ಬರಿಗೂ ಆ ಸಾಫ್ಟ್‌ವೇರ್‌ನ ಒಳಗು ಗೊತ್ತಿರಲಿಲ್ಲ. ಕೊನೆಗೆ ಗುಟ್ಟು ಬಯಲಾಯಿತು: ವೇಗ. ದಿನವೂ ಅದೇ ಕೆಲಸ ಮಾಡಿ ಪಳಗಿದ ಬೆರಳುಗಳಷ್ಟು ಬೇಗ ತಿದ್ದಿದರೆ ಮಾತ್ರ 54 ಬರುತ್ತಿತ್ತು. ನಿಧಾನವಾಗಿ ಒತ್ತಿದವರಿಗೆ ಅದು ಸಿಗುವುದಾದರೂ ಹೇಗೆ? ಯಂತ್ರದ ಅಯಸ್ಕಾಂತಗಳು ಸಜ್ಜಾಗಲು ಸುಮಾರು ಎಂಟು ಸೆಕೆಂಡು ಬೇಕು. ಆ ನಡುವೆ ಮಾಡಿದ ತಿದ್ದುಪಡಿ ಪರದೆಯಲ್ಲಿ ಕಂಡರೂ ಕಿರಣದ ತೀವ್ರತೆಗೆ ತಲುಪುತ್ತಿರಲಿಲ್ಲ.

ಕಂಪನಿ ಮೊದಲು ಸೂಚಿಸಿದ ಪರಿಹಾರ ಕೇಳಿ: ತಿದ್ದಲು ಬಳಸುವ ಮೇಲಿನ ಬಾಣದ ಕೀ ಕಿತ್ತು, ಅದು ಒತ್ತದಂತೆ ಟೇಪ್ ಹಚ್ಚಿ! 1993ರಲ್ಲಿ ಈ ಪ್ರಕರಣದ ಪೂರ್ಣ ವಿಶ್ಲೇಷಣೆ ಪ್ರಕಟಿಸಿದ ಇಬ್ಬರಲ್ಲಿ ಒಬ್ಬರು ನ್ಯಾನ್ಸಿ ಲೆವೆಸನ್ ಎಂಬ ಮಹಿಳೆ. ಅವರ ಬರಹದಲ್ಲಿ ಆಪರೇಟರ್ ಹೆಸರಿಲ್ಲ.

ನನ್ನ ತಂಡದ ಹುಡುಗಿಯರು "ಮೇಡಂ, ಒಂದು ಸಲ ಬಂತು, ಆಮೇಲೆ ಬರ್ತಾನೇ ಇಲ್ಲ, ಬಿಟ್ಬಿಡ್ಲಾ?" ಎಂದು ಬಂದಾಗ ನಾನು ಮೊದಲು ಕೇಳುವುದು ಒಂದೇ: "ಎಷ್ಟು ಬೇಗ ಒತ್ತಿದ್ದೆ?"